ಬೆಣ್ಣೆಯಿಲ್ಲದ ಬನ್ನು

ಊರಿನ ಕೊಳಚೆ ನೀರು ತಿಳಿಯಾಗುವ ತೊಟ್ಟಿಯಲ್ಲಿ ತನ್ನ ಬನ್ನು ಮುಳುಗುವುದನ್ನು ಕಂಡು ವಿಲ್ಮಾರ್ ಗೇಟಿನಲ್ಲೇ ಕಲ್ಲಾದ.

ಒಂದಲ್ಲ, ಬುಟ್ಟಿ ಪೂರ್ತಿ! ಆ ತೊಟ್ಟಿಗಳನ್ನು ನೋಡಿಕೊಳ್ಳುವ ಅನಾಹಿ ಒಂದೊಂದನ್ನೇ ಮುರಿದು, ಪಾರಿವಾಳಕ್ಕೆ ಕಾಳು ಹಾಕುವಷ್ಟು ಮುದ್ದಾಗಿ ಎಸೆಯುತ್ತಿದ್ದಳು. ಅವನತ್ತ ಒಮ್ಮೆಯೂ ಬೀರದ ನಗೆಯನ್ನು ಆ ಕಂದು ನೊರೆಗೆ ಧಾರಾಳವಾಗಿ ಬೀರುತ್ತಿದ್ದಳು.

ಬೇಸಿಗೆ ಮುಗಿದರೆ ಪುಂತಾ ಗಾರ್ಸಾದ ಕಡಲತೀರದಲ್ಲಿ ಉಳಿಯುವುದು ಪಿಂಚಣಿದಾರರು, ನಾಯಿಗಳು ಮತ್ತು ಗಾಳಿ. ಅಂಗಡಿಯವರೆಲ್ಲ ಬಾಗಿಲೆಳೆದು ಮೊಂಟೆವಿಡಿಯೊಗೆ ಹೊರಟುಬಿಡುತ್ತಾರೆ. ಈ ಸಲ ವಿಲ್ಮಾರ್ ಮಾತ್ರ ಬೇಕರಿ ಒಲೆ ಆರಿಸಿರಲಿಲ್ಲ, ದಿನಾ ಬುಟ್ಟಿ ತುಂಬ ಬನ್ನು ಒಯ್ಯುವ ಈ ಒಬ್ಬಳಿಗಾಗಿ. ಈಗ ಅಣ್ಣ ಅವನನ್ನೂ ಅಲ್ಲಿಗೇ ಕರೆದಿದ್ದ. ಇವಳು 'ಇರು' ಅಂದರೆ ಇರುವುದು, ಇಲ್ಲವಾದರೆ ಸಂಜೆಯ ಬಸ್ಸು. ಅದನ್ನೇ ಕೇಳಲು ಬಂದಿದ್ದ.

"ನನ್ನ ಬನ್ನನ್ನ ಗಟಾರಕ್ಕೆ ಹಾಕ್ತಿದ್ದೀಯಲ್ಲೇ!"

ಅನಾಹಿ ಬೆಚ್ಚಿ ತಿರುಗಿ ತುಟಿ ಕಚ್ಚಿದಳು. "ಗಟಾರ ಅನ್ಬೇಡ. ಮಕ್ಕಳು ಕೇಳಿಸ್ಕೋತಾವೆ."

"ಮಕ್ಕಳಾ?!" ಅವನು ಸುತ್ತ ಕಣ್ಣಾಡಿಸಿದ.

ಅವಳು ತೋಳು ಹಿಡಿದು ಶೆಡ್ಡಿಗೆ ಎಳೆದೊಯ್ದು ಸೂಕ್ಷ್ಮದರ್ಶಕಕ್ಕೆ ಅವನ ಕಣ್ಣು ಒತ್ತಿದಳು. ಒಳಗೆ ಗಂಟೆ ಹೂವಿನಂಥ ಜೀವಗಳು ಬಾಯಿ ತೆರೆದು ತೊನೆಯುತ್ತಿದ್ದವು.

"ಊರಿನ ಕೊಳೆ ತಿಂದು ನೀರು ತಿಳಿ ಮಾಡೋ ಗುಂಪು ಇದೇ. ಈಗ ಹೋಟೆಲೆಲ್ಲ ಖಾಲಿ, ಇವಕ್ಕೆ ಉಪವಾಸ. ಒಂದು ತೊಟ್ಟಿ ಮುಚ್ಚಿದೆ, ಗಾಳಿ ಊದೋದು ಕಮ್ಮಿ ಮಾಡಿದೆ, ಸಾಲಲಿಲ್ಲ. ಇವು ಸತ್ರೆ ಡಿಸೆಂಬರಲ್ಲಿ ಮತ್ತೆ ಬೇಸಿಗೆ ಬಂದು ಜನ ತುಂಬಿದಾಗ ಹೊಲಸೆಲ್ಲ ನೇರ ಕಡಲಿಗೆ. ಆಮೇಲೆ ಮೂಗು ಮುಚ್ಕೊಂಡು ಯಾರು ತಿಂತಾರೆ ನಿನ್ನ ಬನ್ನು?"

"ಅದಕ್ಕೇನಾ ಸಕ್ಕರೆ ಸುರಿ, ಬೆಣ್ಣೆ ಬೇಡ ಅಂದಿದ್ದು? ನೀನು ಸೊಂಟ ಕಾಪಾಡ್ಕೋತಿದ್ದೀಯ ಅಂದ್ಕೊಂಡಿದ್ದೆ!"

"ಜಿಡ್ಡು ಇವಕ್ಕೆ ಆಗಲ್ಲ." ಅವಳ ಓರೆನೋಟ ಅವನ ಮೇಲೆ ನಿಂತಿತು. "ನನ್ನ ಸೊಂಟದ ಚಿಂತೆ ನಿನಗ್ಯಾಕೆ?"

ಅವನ ಕಿವಿ ಒಲೆಯಾಯಿತು. "ಒಂದಾದ್ರೂ ತಿಂದ್ಯಾ?"

"ಇಲ್ಲ. ಅಷ್ಟು ಸಿಹಿ ಮನುಷ್ಯರು ತಿಂತಾರಾ?"

ಅವನು ಬಾಗಿಲತ್ತ ತಿರುಗಿದ. "ಸರಿ ಬಿಡು. ನಿನಗೆ ಬೇಕಾಗಿದ್ದು ಸಕ್ಕರೆ. ಎರಡು ಚೀಲ ಬೇಕರೀಲಿದೆ, ಇಟ್ಟು ಹೋಗ್ತೀನಿ. ಸಂಜೆ ಬಸ್ಸಿದೆ."

ಅವನು ಹೊಸ್ತಿಲು ದಾಟಿದ್ದ.

"ಲೋ ದಡ್ಡ! ಸಕ್ಕರೆ ಚೀಲ ನಮ್ಮನೆ ಪಕ್ಕದ ಅಂಗಡೀಲೂ ಸಿಗುತ್ತೆ ಕಣೋ!"

ವಿಲ್ಮಾರ್ ನಿಂತ. ಅಷ್ಟು ದೂರ, ಮುಖಕ್ಕೆ ಮರಳು ಎರಚುವ ಗಾಳಿಯಲ್ಲಿ, ದಿನಾ ಬೆಳಗ್ಗೆ ಸೈಕಲ್ ತುಳಿದು ಬರುತ್ತಿದ್ದಳಲ್ಲ ಇವಳು!

"ಮತ್ತೆ... ನನ್ನ ಬೇಕರಿಗೆ ಯಾಕೆ?"

ಅನಾಹಿ ಶೆಡ್ಡಿನ ಮೇಜಿನಿಂದ ಏನನ್ನೋ ಎತ್ತಿಕೊಂಡು ಹೊರಬಂದಳು. ತಾನು ಹೀರುತ್ತಿದ್ದ ಕಹಿ ಮಾಟೆ ಎಲೆಯ ಕಷಾಯದ ಸೋರೆಬುರುಡೆಯನ್ನು, ಅದೇ ಕೊಳವೆಯ ಸಮೇತ, ಅವನ ಕೈಗಿತ್ತಳು. ಅವನು ಹೀರಿದ. ಕಹಿ ಎನ್ನಿಸಲೇ ಇಲ್ಲ.

"ನಾಳೆ ಒಂದು ಬನ್ನು ಬೇರೆ ಮಾಡು," ಎಂದಳು ತೊಟ್ಟಿಯ ಕಡೆಗೆ ಮುಖ ತಿರುಗಿಸಿ. "ಸಕ್ಕರೆ ಕಮ್ಮಿ. ಬೆಣ್ಣೆ ಜಾಸ್ತಿ."

"ಯಾರಿಗೆ?"

"ನನಗೆ ಕಣೋ."