ಕ್ವಿರಿನೊನ ಹೊಲದ ಕಪ್ಪು ಚುಕ್ಕೆ

ಸೋಮವಾರ ಬೆಳಿಗ್ಗೆ ಕ್ವಿರಿನೊನ ಹೊಲದಲ್ಲಿ ಯಾರೋ ಅಗೆದು ಮುಚ್ಚಿದ ಗುಂಡಿ ಕಂಡಿತು. ಆ ಹೊಲದಡಿ ರೋಮನ್ನರ ಊರೊಂದಿದೆ. ಅಗೆಯದೆಯೇ ಅದರ ನಕ್ಷೆ ತೆಗೆಯಲು ಉತ್ಖನನ ತಂಡದ ಹುಡುಗ ಫೌಸ್ಟೊ ನೆಲದ ಕಾಂತಶಕ್ತಿ ಅಳೆಯುವ ಯಂತ್ರ ಹೊತ್ತು ವಾರವಿಡೀ ನಡೆದಿದ್ದ. ಮೈಮೇಲೆ ಕಬ್ಬಿಣ ಇರಬಾರದೆಂದು ಬೆಲ್ಟಿನ ಬದಲು ಹಗ್ಗ ಕಟ್ಟುತ್ತಿದ್ದ. ನಮ್ಮೂರಿಗೆ ನಗಲು ಅಷ್ಟು ಸಾಕಿತ್ತು.

ಕಾಂತಶಕ್ತಿ ಹೆಚ್ಚಿದಲ್ಲಿ ಯಂತ್ರ ಕೂಗುತ್ತಿತ್ತು, ನಕ್ಷೆ ಕಪ್ಪಾಗುತ್ತಿತ್ತು. ಗುಂಡಿ ಇದ್ದದ್ದು ಆ ನಕ್ಷೆಯ ಅತಿ ಕಪ್ಪು ಚುಕ್ಕೆಯ ಮೇಲೆ.

"ಅದು ಕುಂಬಾರರ ಭಟ್ಟಿ. ನಕ್ಷೇನ ಕಳ್ಳರಿಗೆ ಮಾರಿದೀಯ!" ಎಂದರು ಉತ್ಖನನದ ಮುಖ್ಯಸ್ಥೆ ಒಟ್ಟಾವಿಯಾ. "ಇವತ್ತೇ ದೂರು ಕೊಡ್ತೀನಿ. ಇನ್ಯಾರೂ ನಿಂಗೆ ಕೆಲಸ ಕೊಡಲ್ಲ."

ಫೌಸ್ಟೊ ಎರ್ಸಿಲಿಯಾ ಅವರ ಬಳಿ ಓಡಿಬಂದ. ಅವರು ನಿವೃತ್ತ ಪೊಲೀಸ್ ಅಧಿಕಾರಿ, ನನ್ನ ಪಕ್ಕದ ಮನೆಯವರು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನದ ಊಟ ನಾವಿಬ್ಬರೂ ಒಟ್ಟಿಗೇ ಮಾಡುತ್ತಿದ್ದೆವು. ಮಾತು ಕಡಿಮೆ, ಆದರೂ ಅದಿಲ್ಲದ ದಿನ ನನಗೆ ಮನೆ ತಿನ್ನಲು ಬರುತ್ತಿತ್ತು.

ಮೂವರೂ ಹೊಲಕ್ಕೆ ಹೋದೆವು. ಗುಂಡಿಯ ಮೇಲೆ ಹುಲ್ಲಿನ ಹೆಂಟೆಗಳನ್ನು ಒಪ್ಪವಾಗಿ ಮತ್ತೆ ಕೂರಿಸಿದ್ದರು. ಎರ್ಸಿಲಿಯಾ ಮಣ್ಣು ಕೆದಕಿದಾಗ ತುಕ್ಕಿನ ಚೂರು ಸಿಕ್ಕಿತು.

"ಇಲ್ಲಿ ಇನ್ನೊಂದ್ಸಲ ನಡಿಯಪ್ಪ."

ಫೌಸ್ಟೊ ನಡೆದ. ಯಂತ್ರ ಸುಮ್ಮನಿತ್ತು.

"ಇದಕ್ಕೆ ಏನೇನು ಕಾಣುತ್ತೆ ಅಂತ ಯಾರಾದ್ರೂ ಕೇಳಿದ್ರಾ?"

"ಕ್ವಿರಿನೊ ಕೇಳಿದ್ರು. ಅಗಿಯೋದು ಯಾವಾಗ ಅಂತಾನೂ."

ಎರ್ಸಿಲಿಯಾ ಎಲ್ಲರನ್ನೂ ಕ್ವಿರಿನೊನ ಅಡುಗೆಮನೆಯಲ್ಲಿ ಸೇರಿಸಿದರು.

"ಭಟ್ಟಿ ಆಗಿದ್ರೆ ಕಳ್ಳ ಮಡಕೆ ಒಯ್ಯಬಹುದು, ಸುಟ್ಟ ನೆಲಾನ ಒಯ್ಯೋಕಾಗಲ್ಲ. ಸುಟ್ಟ ಮಣ್ಣಿಗೂ ಕಾಂತಶಕ್ತಿ ಇರುತ್ತೆ, ಯಂತ್ರ ಇನ್ನೂ ಕೂಗ್ಬೇಕಿತ್ತು. ಸುಮ್ಮನಿದೆ ಅಂದ್ರೆ ಅಲ್ಲಿದ್ದದ್ದು ಪೂರ್ತಿ ಹೋಗಿದೆ. ತುಕ್ಕು ನೋಡಿದ್ರೆ ಅದು ಕಬ್ಬಿಣ. ಕಳ್ಳ ಗುಂಡಿ ತೆರೆದಿಟ್ಟು ಓಡ್ತಾನೆ. ಹುಲ್ಲು ಮತ್ತೆ ಕೂರಿಸೋನು ಹೊಲದ ಯಜಮಾನ. ಏನದು, ಕ್ವಿರಿನೊ?"

ಕ್ವಿರಿನೊ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತೆರೆದ. ತುಕ್ಕು ಹಿಡಿದ ಸೈಕಲ್ಲು. ಸರಪಳಿಗೆ ಹೊಸ ಎಣ್ಣೆ. ಅವನ ತಮ್ಮ ನೆಲ್ಲೊನದು. ಲಾರಿಗೆ ಸಿಕ್ಕಿ ಸತ್ತ ದಿನ ನೆಲ್ಲೊ ಅದರ ಮೇಲೇ ಇದ್ದ. ಮದುವೆಯಾಗದ ಅಣ್ಣತಮ್ಮಂದಿರಿಗೆ ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕಣ್ಣೆದುರು ಇದ್ರೆ ಈಗ ಬರ್ತಾನೆ ಅನ್ಸೋದು. ಅದಕ್ಕೇ ಹೂತೆ. ನೀವು ಅಗೆದಾಗ ಗುಜರಿಗೆ ಹಾಕ್ತೀರ ಅಂತ ಭಯ ಆಗಿ ನಾನೇ ತೆಗೆದೆ." ಫೌಸ್ಟೊನ ಕಡೆ ತಿರುಗಿದ. "ನಿನ್ನ ತಲೆಗೆ ಬಂದಾಗ ಹೇಳೋಕೆ ಬಾಯೇ ಬರ್ಲಿಲ್ಲ. ತಪ್ಪಾಯ್ತು ಮಗಾ."

ಒಟ್ಟಾವಿಯಾ ಫೌಸ್ಟೊನ ಕ್ಷಮೆ ಕೇಳಿದರು.

ನಾವು ಹೊರಟಾಗ ಕ್ವಿರಿನೊ ಫೌಸ್ಟೊನ ತೋಳು ಹಿಡಿದ. "ಆ ನಕ್ಷೆ ನಂಗೆ ಕೊಡ್ತೀಯಾ? ಹೊಸದಾಗಿ ತೆಗೆಯೋದಲ್ಲ. ನೆಲ್ಲೊನ ಚುಕ್ಕೆ ಇರೋದು."

ತನ್ನ ಅನ್ನಕ್ಕೇ ಕಲ್ಲು ಹಾಕಲಿದ್ದ ಆ ಕಾಗದವನ್ನು ಫೌಸ್ಟೊ ಮಡಿಸದೆ ಅವನ ಕೈಗಿಟ್ಟ.