ಹುಳುಗಣ್ಣಿಗೆ ಬಂದ ಜ್ವರ

ಹುಳುಗಣ್ಣು ತನ್ನ ಉದ್ದನೆಯ ತೋಳನ್ನು ಮೂರನೆಯ ತಟ್ಟೆಯ ಮೇಲೆ ಚಾಚಿ ಹಿಪ್ಪುನೇರಳೆ ಸೊಪ್ಪನ್ನು ಅಳೆದು ಉದುರಿಸಿತು. ನಾಲ್ಕನೆಯ ತಟ್ಟೆಯತ್ತ ಹೊರಳಿ ಅರ್ಧದಲ್ಲೇ ನಿಂತುಬಿಟ್ಟಿತು. ಮುನಿರತ್ನಮ್ಮ ಗೋಡೆಯ ಗಡಿಯಾರ ನೋಡಿದಳು. ಶುರು ಮಾಡಿ ಸರಿಯಾಗಿ ಒಂದು ಗಂಟೆ. ಮೂರು ದಿನಗಳಿಂದ ಇದೇ ಆಟ.

ಶಿಡ್ಲಘಟ್ಟದ ಸುತ್ತಮುತ್ತ ಆ ಹೊತ್ತಿಗೆ ಹುಳುಗಣ್ಣಿಲ್ಲದ ರೇಷ್ಮೆ ಮನೆಯೇ ಇರಲಿಲ್ಲ. ಹುಳುಗಳನ್ನು ನೋಡಿ, ಅವುಗಳ ಹಸಿವು ತಿಳಿದು ಸೊಪ್ಪು ಹಾಕುವ ಯಂತ್ರ ಅದು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ಇದ್ದು, ಹಳೆಯ ಚರ್ಮ ಕಳಚುತ್ತದೆ. ಸಾಕುವವರು ಇದನ್ನು ಜ್ವರ ಎನ್ನುತ್ತಾರೆ. ಜ್ವರದ ಹುಳುವನ್ನು ಯಾರೂ ಮುಟ್ಟುವುದಿಲ್ಲ. ಎಲ್ಲ ಎದ್ದ ಮೇಲೆಯೇ ಮತ್ತೆ ಸೊಪ್ಪು. ಆ ಗಳಿಗೆಯನ್ನು ಗುರುತಿಸುವುದನ್ನು ಮುನಿರತ್ನಮ್ಮ ಮೂರು ವರ್ಷ ಜೊತೆಗೆ ನಿಂತು ಯಂತ್ರಕ್ಕೆ ಕಲಿಸಿದ್ದಳು. ಕಲಿತದ್ದೆಲ್ಲ ಅದರ ಒಳಗಿನ ಅಂಗೈಯಗಲದ ಸ್ಥಿರಸ್ಮೃತಿ ಫಲಕದಲ್ಲಿತ್ತು. ಅಂಗಡಿಯವರ ಬಾಯಲ್ಲಿ ಅದು ಎಸ್‌ಎಸ್‌ಡಿ.

ಈಗ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಕಡೆಯ ಹಸಿವಿನಲ್ಲಿದ್ದವು. ಮೇವು ತಪ್ಪಿದರೆ ಗೂಡು ಕಾಗದದಂತೆ ತೆಳ್ಳಗಾಗುತ್ತದೆ, ಬೆಳೆಯೇ ಕೈಬಿಟ್ಟಂತೆ. ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದ್ದಾಯಿತು. ಪ್ರತಿ ಸಲವೂ ಗಂಟಲು ಕಟ್ಟಿದ ಅದೇ ಹುಡುಗಿ ಅದೇ ಮಾತನ್ನು ಓದಿದಳು: ಬಂದ್ ಮಾಡಿ, ಹತ್ತು ಎಣಿಸಿ, ಮತ್ತೆ ಹಾಕಿ. ಹನ್ನೆರಡನೆಯ ಸಲ ಮುನಿರತ್ನಮ್ಮ, ಎಣಿಸುವುದು ತನಗೆ ಒಂದನೇ ಕ್ಲಾಸಿನಿಂದ ಬರುತ್ತದೆ, ಬೇರೇನಾದರೂ ಇದ್ದರೆ ಹೇಳು ಎಂದಳು. ಹುಡುಗಿ ಕೆಮ್ಮಿ, ತಜ್ಞರನ್ನು ಕಳಿಸುವುದಾಗಿ ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಬಂದವಳು ಡಾಕ್ಟರ್ ತಬಸ್ಸುಮ್. ಶಿಡ್ಲಘಟ್ಟದಲ್ಲೇ ಗೂಡು ಬೇಯಿಸಿ ನೂಲು ಬಿಚ್ಚುವವರ ಮನೆಯ ಮಗಳು, ಈಗ ಯಂತ್ರದ ಕಂಪನಿಯಲ್ಲಿ ವಿಜ್ಞಾನಿ. ಫಲಕಕ್ಕೆ ತಂತಿ ಸಿಕ್ಕಿಸಿ ಅದರ ದಿನಚರಿ ಓದಿದವಳ ಹುಬ್ಬು ಗಂಟಿಕ್ಕಿತು. ಮೂರು ವರ್ಷದಲ್ಲಿ ಎಪ್ಪತ್ತೆರಡು ಸಲ ಕರೆಂಟು ಇದ್ದಕ್ಕಿದ್ದಂತೆ ಹೋಗಿತ್ತು.

“ಈ ಊರಲ್ಲಿ ಇಷ್ಟೊಂದು ಕರೆಂಟ್ ಹೋಗುತ್ತಾ ಅಮ್ಮ?”

“ಎಲ್ಲಿ ಹೋಗ್ತದೆ? ನಾನೇ ತೆಗೀತೀನಿ. ಹುಳ ಜ್ವರಕ್ಕೆ ಹೋದ್ಮೇಲೆ ಇದರ ಗುರ್‌ಗುರ್ ಯಾಕೆ? ಪಾಪ, ಮಲಗ್ಲಿ ಅಂತ.”

ತಬಸ್ಸುಮ್ ತಲೆಯ ಮೇಲೆ ಕೈಯಿಟ್ಟು ಸೊಪ್ಪಿನ ಬುಟ್ಟಿಯ ಪಕ್ಕದಲ್ಲೇ ಕುಳಿತಳು. ಆಮೇಲೆ ವಿವರಿಸಿದಳು. ಫಲಕದಲ್ಲಿ ಬರೆದದ್ದರ ಮೇಲೆಯೇ ಇನ್ನೊಂದು ಬರೆಯಲಾಗದು. ಬೇಕಾದದ್ದನ್ನು ಬೇರೆಡೆಗೆ ಎತ್ತಿಟ್ಟು ಜಾಗವನ್ನು ಒರೆಸಿಕೊಳ್ಳಬೇಕು. ಈ ಮನೆಗೆಲಸಕ್ಕೆ ಅದು ಬಿಡುವಿನ ಹೊತ್ತಿಗಾಗಿ ಕಾಯುತ್ತದೆ. ಹುಳು ಮಲಗಿದಾಗಷ್ಟೇ ಅದಕ್ಕೆ ಬಿಡುವು, ಆಗಲೇ ಸ್ವಿಚ್ಚೂ ಆರುತ್ತಿತ್ತು. ಅರ್ಧಂಬರ್ಧ ಕೆಲಸ ಬೆಟ್ಟದಷ್ಟು ಸೇರಿ ಈಗ ಗಂಟೆಗೊಮ್ಮೆ ದಾರಿ ತಪ್ಪುತ್ತಿದೆ. ಸಹಾಯವಾಣಿಯ ಮಾತು ಕೇಳಿ ಬಂದ್ ಮಾಡಿದಷ್ಟೂ ಇನ್ನೂ ಹದಗೆಟ್ಟಿದೆ.

ಮುನಿರತ್ನಮ್ಮನ ಮುಖ ಸಣ್ಣದಾಯಿತು. ಯಂತ್ರದ ಮೈಯನ್ನು ಸೆರಗಿನಿಂದ ಒಮ್ಮೆ ಒರೆಸಿದಳು.

ಫಲಕವನ್ನು ನಡೆಸುವ ಒಳಸೂತ್ರ, ಅಂದರೆ ಫರ್ಮ್‌ವೇರ್, ಹೊಸದು ಹಾಕಿದರೆ ಸರಿಹೋದೀತು, ಇಪ್ಪತ್ತು ನಿಮಿಷದ ಕೆಲಸ ಎಂದಳು ತಬಸ್ಸುಮ್. ಪರದೆಯ ಮೇಲೆ ಶೇಕಡಾ ಎಪ್ಪತ್ತೊಂದರವರೆಗೆ ಓಡಿದ ಅಂಕಿ ಅಲ್ಲೇ ಕೂತಿತು. ಒಂದು ಗಂಟೆಯಾದರೂ ಅಲುಗಲಿಲ್ಲ. ಕಚೇರಿಗೆ ಫೋನ್ ಮಾಡಿದರೆ, ಬಂದ್ ಮಾಡಿ ಹೊಸ ಫಲಕ ಹಾಕಿ ಬಾ ಎಂದರು. ಹೊಸ ಫಲಕಕ್ಕೆ ಹುಳುವೆಂದರೇನೆಂದೇ ಗೊತ್ತಿರುವುದಿಲ್ಲ. ತಬಸ್ಸುಮ್ ನಿಟ್ಟುಸಿರಿಟ್ಟು ಸ್ವಿಚ್ಚಿಗೆ ಕೈ ಚಾಚಿದಳು.

“ಮುಟ್ಬೇಡ ಕಣಮ್ಮ.”

“ನಿಂತುಹೋಗಿದೆ ಅಮ್ಮ. ನನಗೆ ಇನ್ನೂ ಎರಡು ಊರಿದೆ.”

“ಅದರ ದೀಪ ಮಿಣುಕ್ತಾ ಐತಲ್ಲ? ಜ್ವರದ ಹುಳಾನೂ ಹಿಂಗೇ ಇರ್ತದೆ. ಸತ್ತೈತೆ ಅಂತ ಎಸೀತೀವಾ? ಬಾ, ಸೊಪ್ಪು ಹಾಕು. ಇಷ್ಟು ವರ್ಷ ಗೂಡು ಬೇಯಿಸಿದ ಮನೆಯವಳು, ಒಂದಿನ ಹುಳಕ್ಕೆ ಉಣ್ಸು.”

ತಬಸ್ಸುಮ್‌ಗೆ ನಗುವೂ ಬಂತು, ಸಿಟ್ಟೂ ಬಂತು. ಅಂಗಿಯ ತೋಳು ಮಡಚಿಕೊಂಡು ಸೊಪ್ಪು ಹರಡಿದಳು. ಮಧ್ಯಾಹ್ನ ಇಬ್ಬರೂ ಮುದ್ದೆ ಉಂಡರು. ಮೂರೂವರೆಗೆ ಅಂಕಿ ಎಪ್ಪತ್ತೆರಡಾಯಿತು, ಆಮೇಲೆ ಒಂದೇ ಓಟ. ಹೊಸ ಒಳಸೂತ್ರ ಮೊದಲು ಮೂರು ವರ್ಷದ ಬಾಕಿ ಮನೆಗೆಲಸವನ್ನು ಮುಗಿಸಿಕೊಂಡಿತ್ತು. ಕಂಪನಿಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಹುಳುಗಣ್ಣು ತೋಳೆತ್ತಿ ಒಂದೊಂದು ತಟ್ಟೆಯನ್ನೂ ನೋಡಿತು. ಎಲ್ಲದರಲ್ಲೂ ಹೊಸ ಸೊಪ್ಪಿತ್ತು. ಮರೆತಿದ್ದರೆ ಮತ್ತೆ ಸುರಿಯುತ್ತಿತ್ತು. ಅದು ಸುಮ್ಮನೆ ತೋಳು ಮಡಚಿತು. ಮುನಿರತ್ನಮ್ಮ ಕಣ್ಣೊರೆಸಿಕೊಂಡಳು.

ತಬಸ್ಸುಮ್ ಬರೆದ ವರದಿಯಿಂದ ಸಹಾಯವಾಣಿಯವರು ನೋಡಿ ಓದುವ ಹಾಳೆಯೇ ಬದಲಾಯಿತು.

ಮುಂದಿನ ಬೆಳೆಯಲ್ಲಿ ಒಂದು ಮಧ್ಯಾಹ್ನ ಯಂತ್ರ ಏಳಲಿಲ್ಲ. ಫೋನಿನಲ್ಲಿ ಅದೇ ಕಟ್ಟಿದ ಗಂಟಲು: ಏನನ್ನೂ ಮುಟ್ಟಬೇಡಿ, ಯಂತ್ರ ವಿಶ್ರಾಂತಿಯಲ್ಲಿದೆ, ಕಾಯಿರಿ. ಮುನಿರತ್ನಮ್ಮ ತಂತಿಯ ಜಾಡು ಹಿಡಿದು ನೋಡಿದಳು. ಕಸ ಗುಡಿಸುವಾಗ ಪೊರಕೆಗೆ ಸಿಕ್ಕ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಹುಡುಗಿ ಕೆಮ್ಮಿದಳು.

“ನಿಂದು ಊಟ ಆಯ್ತೇನಮ್ಮ?”

ಇದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. “ಇಲ್ಲಮ್ಮ. ಒಂದು ಫೋನು ಮುಗೀತಿದ್ದಂಗೇ ಇನ್ನೊಂದು ತಾನಾಗೇ ಬರುತ್ತೆ.”

“ಹಂಗಾದ್ರೆ ಈ ಫೋನು ಮುಗಿಯೋದೇ ಬೇಡ. ಮುಟ್ದೆ ಕಾಯ್ತಾವ್ಳೆ ಅಂತ ಬರ್ಕೊ. ಹೋಗಿ ಉಂಡ್ಕೊಂಡ್ ಬಾ.”

ಫೋನ್ ಕಟ್ ಮಾಡದೆ ಸೊಪ್ಪಿನ ರಾಶಿಯ ಮೇಲಿಟ್ಟು, ಮುನಿರತ್ನಮ್ಮ ಪ್ಲಗ್ಗು ಸಿಕ್ಕಿಸಿದಳು. ಹುಳುಗಣ್ಣು ಮೊದಲ ತಟ್ಟೆಯತ್ತ ತೋಳು ಚಾಚಿತು.

ಹತ್ತನೆಯ ತಟ್ಟೆಯ ಹೊತ್ತಿಗೆ ಸೊಪ್ಪಿನ ನಡುವಿನಿಂದ, ಸ್ವಲ್ಪ ತಿಳಿಯಾದ ಗಂಟಲು ಕೇಳಿಸಿತು.

“ಅಮ್ಮಾ, ಇದ್ದೀರಾ?”