ಹುಬ್ಬು ಹೇಳಿದ ಲೆಕ್ಕ

ಅವನು ಮತ್ತೆ ಕಣ್ಣು ತಪ್ಪಿಸಿದ.

ಕಾರಿಡಾರ್‌ನಲ್ಲಿ ಎದುರಾದವನು ಗಕ್ಕನೆ ಗೋಡೆಯ ಕಡೆ ತಿರುಗಿ, ಅಲ್ಲಿ ಅಂಟಿಸಿದ್ದ ಬೆಂಕಿ ಆರಿಸುವ ಸೂಚನೆಗಳನ್ನು ನಾಳೆ ಪರೀಕ್ಷೆ ಇದ್ದವನಂತೆ ಓದತೊಡಗಿದ. ಹುಳಗಳ ಪ್ಲೇಟುಗಳ ಟ್ರೇ ಹಿಡಿದು ಅವಳು ಅವನ ಬೆನ್ನ ಹಿಂದೆಯೇ ಹಾದುಹೋದಳು.

ಹೋದ ವಾರದವರೆಗೆ ಹೀಗಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಲೇಸರ್ ಎಂದೇ ಕರೆಯುತ್ತಿದ್ದರು; ಅಲ್ಲಿನ ಮೊಂಡು ಲೇಸರ್ ಯಂತ್ರ ಅವನೊಬ್ಬನ ಮಾತು ಮಾತ್ರ ಕೇಳುತ್ತಿತ್ತು. ಅವಳದ್ದು ದುಂಡುಹುಳದ ಕೆಲಸ. ಗಾತ್ರದಲ್ಲಿ ಒಂದು ಅಲ್ಪವಿರಾಮದಷ್ಟು, ಗಾಜಿನಂಥ ಮೈ, ಒಳಗಿನ ನರ ಮೈಕ್ರೋಸ್ಕೋಪಿನಡಿ ಹಸಿರು ದಾರದಂತೆ ಹೊಳೆಯುತ್ತದೆ. ಅವನು ಆ ದಾರವನ್ನು ಬೆಳಕಿನ ಮೊನೆಯಿಂದ ಕತ್ತರಿಸುವುದು, ಮರುದಿನ ಅವಳು ನೋಡುವುದು: ತುಂಡಾದ ತುದಿ ಮತ್ತೆ ಚಿಗುರಿದೆಯೋ, ಮೊಂಡಾಗಿಯೇ ಕೂತಿದೆಯೋ. ಕೆಲವು ಮಾಮೂಲಿ ಹುಳಗಳು. ಉಳಿದವುಗಳಲ್ಲಿ ಅವಳು ಒಂದು ಜೀನ್ ಕೆಡಿಸಿದ್ದಳು. ಆ ಜೀನ್ ನರದ ಬೆಳವಣಿಗೆಗೆ ಬ್ರೇಕ್ ಎಂಬುದು ಅವಳ ಊಹೆ. ಬ್ರೇಕ್ ತೆಗೆದರೆ ನರ ಬೆಳೆಯಬೇಕು.

ಆಸೆ ಇಟ್ಟುಕೊಂಡವರ ಕಣ್ಣನ್ನು ನಂಬುವಂತಿಲ್ಲವಲ್ಲ! ಅದಕ್ಕೇ ಯಾವ ಪ್ಲೇಟಿನಲ್ಲಿ ಯಾವ ಹುಳ ಎಂದು ಎಣಿಸುವವರಿಗೆ ತಿಳಿಯಬಾರದು. ಗುರುತು ಮುಚ್ಚಿ ಬರೀ ನಂಬರ್ ಹಾಕಿಟ್ಟವನು ಅವನು. ನಂಬರ್ ಹಾಕಿದವರು ಎಣಿಸುವ ಕೋಣೆಗೆ ಕಾಲಿಡಬಾರದು, ಅದೂ ನಿಯಮವೇ. ಆದರೆ "ನೀವು ಲೆನ್ಸಿಂದ ಕಣ್ಣು ತೆಗೀಬೇಡಿ. ಹೇಳ್ತಾ ಹೋಗಿ, ನಾನು ಬರ್ಕೋತೀನಿ" ಎಂದು ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತುಬಿಟ್ಟಿದ್ದ. ಬೇಡ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

ಕತ್ತಲೆ ಕೋಣೆ, ಮಾನಿಟರಿನ ತೆಳು ಬೆಳಕು, ಆ ಬೆಳಕಿನಲ್ಲಿ ಅವನ ಮುಖ. ಬೆಳೆದಿದೆ, ಇಲ್ಲ, ಇಲ್ಲ, ಬೆಳೆದಿದೆ. ನಡುನಡುವೆ ಅವಳು ತಲೆ ಎತ್ತುವಳು. ಅವನ ಎಡಹುಬ್ಬು ಕೂದಲೆಳೆಯಷ್ಟು ಮೇಲೇರುವುದು. ಅವಳಿಗೆ ಅದನ್ನು ನೋಡುವುದೇ ಒಂದು ಸುಖ.

ಎಣಿಕೆ ಮುಗಿದು, ಯಾವ ನಂಬರ್ ಯಾವ ಹುಳದ್ದೆಂದು ಬಿಡಿಸಿದಾಗ ಜೀನ್ ಕೆಡಿಸಿದ ಹುಳಗಳು ಭರ್ಜರಿಯಾಗಿ ಗೆದ್ದಿದ್ದವು. ಅವಳು ಮೊದಲು ಫೋನ್ ಮಾಡಿದ್ದು ಅಣ್ಣನಿಗೆ. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಬಲಗೈಯ ನರ ತುಂಡಾದಂದಿನಿಂದ ಅವನ ಅಂಗಿಯ ಗುಂಡಿ ಹಾಕಲು ಅತ್ತಿಗೆಯೇ ಬರಬೇಕು.

"ಏನೇ ಹುಳದ ಡಾಕ್ಟ್ರೇ, ಹುಳಗಳದ್ದಾಯ್ತು. ನನ್ನ ಸರದಿ ಯಾವಾಗ?"

"ಇನ್ನೂ ಬೇಕಾದಷ್ಟು ದೂರ ಇದೆ ಕಣೋ."

"ಇರ್ಲಿ ಬಿಡೇ, ಕ್ಯೂನಲ್ಲಿ ನಿಂತಿರ್ತೀನಿ. ಅಲ್ಲೀತನಕ ನಿಮ್ಮತ್ತಿಗೆ ಹತ್ರ ಬೈಸ್ಕೊಂಡು ಗುಂಡಿ ಹಾಕಿಸ್ಕೋತೀನಿ."

ನಗುತ್ತಲೇ ಹೇಳಿದ. ಆದರೆ ಆ ದನಿಯಲ್ಲಿ ಎಷ್ಟೋ ಕಾಲದ ಮೇಲೆ ಆಸೆ ಕೇಳಿಸಿತು.

ಅದರ ಮರುದಿನದಿಂದಲೇ ಈ ಕಣ್ಣು ತಪ್ಪಿಸುವ ಆಟ. ನಾನೇನಾದರೂ ಹೆಚ್ಚಿಗೆ ಮಾತಾಡಿದೆನೇ? ಸಲಿಗೆ ಜಾಸ್ತಿಯಾಯಿತೇ? ಅವಳಿಗೆ ಊಟ ಸೇರಲಿಲ್ಲ. ಹುಳ ಬೆಳೆಸುವ ಪ್ಲೇಟುಗಳಿಗೆ ಅಗರ್ ಎಂಬ ಲೋಳೆ ಕಾಯಿಸಿ ಹೊಯ್ಯುವ ಲ್ಯಾಬಿನ ಅಕ್ಕ ಕೂಡ ಗಮನಿಸಿದ್ದಳು. "ಏನಮ್ಮಾ, ನಿನ್ನ ಕಂಡ್ರೆ ಆ ಲೇಸರ್ರು ಗೋಡೆ ನೋಡ್ತಾನೆ? ಗೋಡೆಗೇನು ಬಂಗಾರ ಬಳಿದಿದ್ದಾರಾ?"

ಇನ್ನು ತಡೆಯಲಾಗಲಿಲ್ಲ. ನೇರ ಲೇಸರ್ ಕೋಣೆಗೇ ಹೋದಳು.

"ಏನಾಗಿದೆ ನಿಮ್ಗೆ? ನಾನೇನು ತಪ್ಪು ಮಾಡಿದೆ, ಅದನ್ನಾದ್ರೂ ಹೇಳಿ."

ಅವನು ಲೆನ್ಸ್ ಒರೆಸುತ್ತಲೇ ಇದ್ದ. ಅದು ಯಾವಾಗಲೋ ಸ್ವಚ್ಛವಾಗಿತ್ತು.

"ತಪ್ಪು ನಂದು. ನನ್ನ ಮುಖದ್ದು."

"ಮುಖಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ." ಬಾಯಿ ಜಾರಿತು. ಕಿವಿ ಬಿಸಿಯಾಯಿತು.

ಅವನು ನಗಲಿಲ್ಲ. "ಕೊನೇ ದಿನ ಒಂದು ಹುಳ ನೋಡಿ 'ಇಲ್ಲ' ಅಂದ್ರಿ. ಆಮೇಲೆ ನನ್ನ ಕಡೆ ನೋಡಿದ್ರಿ. ನೋಡಿ, 'ಅಲ್ಲಲ್ಲ, ಬೆಳೆದಿದೆ' ಅಂದ್ರಿ. ಅದು ಜೀನ್ ಕೆಡಿಸಿದ ಪ್ಲೇಟು. ನನಗದು ಗೊತ್ತಿತ್ತು. ಗೊತ್ತಿರೋದನ್ನ ನನ್ನ ಮುಖ ಹೇಳ್ಬಿಡ್ತು."

ಹುಬ್ಬು! ಅದು ಪ್ರತಿ ಸಲ ಏರುತ್ತಿರಲಿಲ್ಲ. ಒಮ್ಮೊಮ್ಮೆ ಏರುತ್ತಿತ್ತು, ಒಮ್ಮೊಮ್ಮೆ ಸುಮ್ಮನಿರುತ್ತಿತ್ತು. ಅನುಮಾನ ಬಂದಾಗಲೆಲ್ಲ ಅವಳ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತಿತ್ತು.

"ಅಂದ್ರೆ ನಾನು ಹುಳ ನೋಡಿ ಎಣಿಸಲೇ ಇಲ್ಲ. ನಿಮ್ಮನ್ನ ನೋಡಿ ಎಣಿಸಿದೆ."

"ಎಲ್ಲಾನೂ ಅಲ್ಲ. ಎಷ್ಟು ಅಂತ ನನಗೂ ಗೊತ್ತಿಲ್ಲ. ಹೇಳೋಣ ಅಂತ ಬಂದಾಗೆಲ್ಲ ನೀವು ಖುಷಿಯಾಗಿರ್ತಿದ್ರಿ."

"ಅಣ್ಣನಿಗೆ ಹೇಳ್ಬಿಟ್ಟೆ ನಾನು!" ಎಂದಳು ಅವಳು. "ನನ್ನ ಜೀನು, ನನ್ನ ಕಷ್ಟ. ನಿಮ್ಮ ಮುಖ ಯಾಕೆ ಅಷ್ಟು ಕುಣೀಬೇಕಿತ್ತು?"

"ನೀವು ಗೆಲ್ಲಲಿ ಅಂತ. ಅಷ್ಟೇ ಅಲ್ಲ, ಇನ್ನೂ ಇದೆ. ಆದ್ರೆ ಅದನ್ನ ಈಗ ಹೇಳಿದ್ರೆ ತಪ್ಪಿಗೆ ನೆಪ ಹೇಳಿದ ಹಾಗಾಗುತ್ತೆ."

ಲ್ಯಾಬಿನ ಮುಖ್ಯಸ್ಥರ ಮುಂದೆ ಅವಳೇ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಕನ್ನಡಕ ತೆಗೆದು ಮೂಗು ತಿಕ್ಕಿಕೊಂಡರು. "ಮೊದಲಿಂದ ಮಾಡಿ. ಈ ಸಲ ಫಲಿತಾಂಶ ನಿಲ್ಲದಿದ್ರೆ ಆ ಜೀನ್ ಬಿಟ್ಬಿಡೋಣ."

ಹೊಸ ಹುಳಗಳು ಬಂದವು. ನಂಬರ್ ಹಾಕಿದ್ದು ಅಗರ್ ಅಕ್ಕ. ಹಾಕಿ, ಬಾಯಿಗೆ ಬೀಗ ಜಡಿದುಕೊಂಡಳು. ಅವನು ಯಾವುದು ಏನೆಂದು ತಿಳಿಯದೆಯೇ ನರ ಕತ್ತರಿಸಿ ಹೊರಗೆ ಹೋದ. ಎಣಿಸುವ ಕೋಣೆಯಲ್ಲಿ ಅವಳೊಬ್ಬಳೇ. ಅನುಮಾನದ ಹುಳ ಬಂದಾಗ ತಲೆ ತಾನಾಗಿ ಎತ್ತುತ್ತಿತ್ತು. ಪಕ್ಕದಲ್ಲಿ ಖಾಲಿ ಸ್ಟೂಲು. ಮತ್ತೆ ಲೆನ್ಸಿಗೆ ಕಣ್ಣಿಟ್ಟು, ಇನ್ನೊಮ್ಮೆ ನೋಡಿ, ಕಂಡದ್ದನ್ನಷ್ಟೇ ಬರೆಯುವಳು. ಈ ನಡುವೆ ಅಣ್ಣ ಮಾಡಿದ ಫೋನ್‌ಗಳನ್ನು ಎತ್ತಲಿಲ್ಲ. ಏನಂತ ಹೇಳುವುದು?

ನಂಬರ್ ಬಿಡಿಸಿದ್ದು ಅಗರ್ ಕಾಯಿಸುವ ಕೋಣೆಯಲ್ಲಿ. ಅವನು ಬಾಗಿಲಾಚೆಯೇ ನಿಂತಿದ್ದ.

"ಒಳಗೆ ಬನ್ನಿ," ಎಂದಳು ಅವಳು. "ಎಣಿಸಿದ್ದಾಯ್ತು. ಇನ್ನು ನಿಮ್ಮ ಮುಖ ಏನು ಹೇಳಿದ್ರೂ ನಡೆಯುತ್ತೆ."

ಅಕ್ಕ ಒಂದೊಂದೇ ಪ್ಲೇಟಿನ ಗುಟ್ಟು ಹೇಳುತ್ತ ಹೋದಳು, ಅವಳು ಕೂಡುತ್ತ ಹೋದಳು. ಕೂಡಿ ಮುಗಿಸಿ, ನಂಬಿಕೆಯಾಗದೆ, ಮತ್ತೆ ಕೂಡಿದಳು.

"ನಿಂತಿದೆ," ಎಂದಳು. "ಮೊದಲಿನಷ್ಟಿಲ್ಲ. ಅದರ ಅರ್ಧ. ಆದ್ರೆ ನಿಂತಿದೆ. ಅಣ್ಣನಿಗೆ ಇಷ್ಟಾದ್ರೂ ಸುಳ್ಳಿಲ್ಲದೆ ಹೇಳ್ಬಹುದು."

ಅವನು ಉಸಿರು ಬಿಟ್ಟ. "ಹಾಗಾದ್ರೆ ಮೊದಲನೇ ಸಲದ ಇನ್ನರ್ಧ?"

"ಅದು ನೀವು."

ಅವನು ತಲೆ ತಗ್ಗಿಸಿದ.

"ಅದನ್ನ ರಿಸರ್ಚ್ ಪೇಪರ್‌ನಲ್ಲಿ ಹಾಕೋ ಹಾಗಿಲ್ಲ," ಅವಳು ನಿಧಾನವಾಗಿ ಹೇಳಿದಳು. "ಸರ್‌ಗೆ ತೋರ್ಸೋ ಹಾಗಿಲ್ಲ. ಯಾವ ಜೀನಿಗೂ ಸೇರಲ್ಲ. ಯಾರಿಗೂ ಬೇಡದ್ದು. ನಾನೇ ಇಟ್ಕೊಳ್ಲಾ?"

"ಅಯ್ಯೋ, ನಾನಿನ್ನೂ ಇಲ್ಲೇ ಇದ್ದೀನ್ರಪ್ಪಾ!" ಎಂದಳು ಅಕ್ಕ. ಖಾಲಿ ಟ್ರೇ ಎತ್ತಿಕೊಂಡು, ಬೇಕೆಂದೇ ಸದ್ದು ಮಾಡುತ್ತ ಹೊರಟಳು.

ಬಾಗಿಲು ಮುಚ್ಚಿತು. ಅವನು ಗೋಡೆ ನೋಡಲಿಲ್ಲ, ಅವಳನ್ನೇ ನೋಡಿದ.

"ಅವತ್ತು ನುಂಗ್ಕೊಂಡಿದ್ದು ಈಗ ಹೇಳ್ಲಾ?"

"ಹೇಳಿ," ಎಂದಳು. "ಈ ಸಲ ಬಾಯಲ್ಲಿ."